ನಿಂತವರ ಅಳತೆ

ಆ ವರ್ಷ ನಾವು ಹೆಣೆದ ಸ್ವೆಟರ್‌ಗಳಿಗೆಲ್ಲ ನಮ್ಮ ಯಜಮಾನರ ಹೊಟ್ಟೆ ಇತ್ತು. ಒಂದಲ್ಲ ಎರಡಲ್ಲ, ಒಂಬತ್ತು ಸ್ವೆಟರ್. ನಮ್ಮದು ಜೈನರ ಮನೆ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಅವರು ಬ್ಯಾಂಕಿನಿಂದ ಬಂದವರೇ ಆ ಅವಸರದಲ್ಲಿ ಸಂಜೆಯ ತಿಂಡಿಯನ್ನೂ ರಾತ್ರಿಯ ಊಟವನ್ನೂ ಒಟ್ಟಿಗೇ ಹೊಡೆದು ಬೆಳೆಸಿದ ಹೊಟ್ಟೆ ಅದು. ಅದರ ಅಳತೆಗೆ ಸರಿಯಾಗಿ, ಮಿರಜದ ಆಸ್ಪತ್ರೆಯೊಂದರಲ್ಲಿ ಮಲಗಿದ್ದ, ಎಲುಬು ಎಣಿಸಬಹುದಾದಂಥ ಮಾಜಿ ಸೈನಿಕರಿಗೆ ನಾವು ಹೆಣೆದು ಒಯ್ದೆವು. ಈಗ ನೆನಸಿಕೊಂಡರೆ ನಗು ಬರುತ್ತದೆ. ಆಗ ಬಂದದ್ದು ಸಿಟ್ಟು. ನನಗೆ ಮೊದಲು ಬರುವುದು ಯಾವಾಗಲೂ ಸಿಟ್ಟೇ.

ಆ ದಿನಗಳು ಈಗಲೂ ನನಗೆ ನೆನಪಾಗುವುದು ಮಧ್ಯಾಹ್ನದ ಅರೆನಿದ್ದೆಯಲ್ಲಿ. ಸಾಂಗಲಿಯ ವಿಶ್ರಾಮಬಾಗದ ನಮ್ಮ ಮನೆಯ ಪಡಸಾಲೆ. ಕಿಟಕಿಯಿಂದ ಬಿದ್ದ ಬಿಸಿಲು ಫರಸಿಯ ನೆಲದ ಮೇಲೆ ನಿಧಾನ ಸರಿಯುತ್ತಿದೆ. ಅದರೊಳಗೆ ಉಣ್ಣೆಯ ಸಣ್ಣ ಎಳೆಗಳು ಹಾರುತ್ತವೆ, ಇಳಿಯುತ್ತವೆ, ಮತ್ತೆ ಹಾರುತ್ತವೆ. ಅತ್ತೆಯ ಕೈಯಲ್ಲಿ ಕಡ್ಡಿಗಳು ಟಿಕ್ ಟಿಕ್ ಎನ್ನುತ್ತಿವೆ. ಎದುರಿಗೆ ಹಳೆಯ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಅಲ್ಲಿ ಸಿಮೆಂಟು ಕಲೆಸುವ ಯಂತ್ರ ಗರಗರ ತಿರುಗುತ್ತಿತ್ತು. ಆ ಸದ್ದೂ ಈ ಸದ್ದೂ ಕಲೆತು ನನಗೆ ಕಣ್ಣು ಎಳೆಯುತ್ತಿತ್ತು. ನಾನು ಹೆಣೆಯುತ್ತಿದ್ದ ತೋಳು ಉದ್ದವಾಗುತ್ತ ಹೋಗಿ ಹೊಸ್ತಿಲು ದಾಟಿ, ರಸ್ತೆಗಿಳಿದು, ಬಸ್ಸು ರಿಕ್ಷಾಗಳ ನಡುವೆ ಮಿರಜದ ಕಡೆಗೆ ಹರಿಯುತ್ತಿದೆ ಎಂದು ಅನ್ನಿಸುತ್ತಿತ್ತು. ಎಚ್ಚರವಾದಾಗ ಎರಡು ಕುಣಿಕೆ ಕಡ್ಡಿಯಿಂದ ಜಾರಿರುತ್ತಿದ್ದವು.

ಊರು ಆಗ ದಿನಕ್ಕೊಂದು ಬಣ್ಣ ಬದಲಿಸುತ್ತಿತ್ತು. ಸಾಂಗಲಿ-ಮಿರಜ ರಸ್ತೆಯ ಎರಡೂ ಬದಿಗೆ ಗಾಜಿನ ಬಾಗಿಲಿನ ಅಂಗಡಿಗಳೆದ್ದವು. ತೆಂಗಿನ ಮರದಿಂದ ತೆಂಗಿನ ಮರಕ್ಕೆ ಕೇಬಲ್ ವಾಯರು ಹಾದುಹೋಯಿತು. ಆ ಅಂಗಡಿಗಳಿಗೆ ಎಲ್ಲಿಂದಲೋ ರೆಡಿಮೇಡ್ ಸ್ವೆಟರ್ ಬಂದವು. ಹಗುರ, ನುಣುಪು, ಎದೆಯ ಮೇಲೆ ಇಂಗ್ಲಿಷ್ ಅಕ್ಷರ. ನಮ್ಮ ಓಣಿಯ ಹುಡುಗಿಯರಿಗೆ ತಾಯಂದಿರು ಹೆಣೆದದ್ದು ರಾತ್ರೋರಾತ್ರಿ ಚುಚ್ಚತೊಡಗಿತು. ಹಾಗೆ ಬೇಡವಾದ ಸ್ವೆಟರ್‌ಗಳೆಲ್ಲ ಗಂಟು ಗಂಟಾಗಿ ನಮ್ಮ ಅತ್ತೆಯ ಮುಂದೆ ಬಂದು ಬಿದ್ದವು. ಏಕೆಂದರೆ ಆಕೆ ಯಾವುದನ್ನೂ ಎಸೆಯುವವರಲ್ಲ.

"ಕುರಿ ಮೈಮ್ಯಾಲಿಂದ ತಗದ ಕೊಟ್ಟದ್ದು. ಅದನ್ನ ತಿಪ್ಪಿಗೆ ಹಾಕಿದ್ರ ಪಾಪ ಬರತೈತಿ," ಎನ್ನುತ್ತಿದ್ದರು.

ಅದೇ ಓಣಿಯಲ್ಲಿದ್ದ ನರ್ಸ್‌ಬಾಯಿ ಒಂದು ದಿನ ಅತ್ತೆಯ ಹತ್ತಿರ ಕೂತು ತಮ್ಮ ವಾರ್ಡಿನ ಸುದ್ದಿ ಹೇಳಿದರು. ಸುತ್ತಲಿನ ಹಳ್ಳಿಗಳಿಂದ ಬಂದ ಮುದುಕರು, ಒಂದು ಕಾಲಕ್ಕೆ ಗಡಿಯಲ್ಲಿ ನಿಂತು ಬಂದವರು, ತೆಳ್ಳನೆಯ ಚಾದರ ಹೊದ್ದು ಬೆಳಗಿನ ಚಳಿಗೆ ಮುದುಡಿ ಮಲಗುತ್ತಾರೆ, ಕೆಲವರಿಗೆ ಮನೆಯಿಂದ ತಂದುಕೊಡುವವರೂ ಇಲ್ಲ ಎಂದರು. ಅತ್ತೆ ಕೇಳಿದ್ದು ಒಂದೇ ಮಾತು: "ಎಷ್ಟ ಮಂದಿ ಅದಾರ?" ಒಂಬತ್ತು ಎಂದಾಯಿತು. ಮರುದಿನದಿಂದಲೇ ನಮ್ಮ ಮನೆ ಕಾರ್ಖಾನೆಯಾಯಿತು.

ಹಳೆಯ ಸ್ವೆಟರ್ ಬಿಚ್ಚುವುದೇ ಒಂದು ಸುಖ. ಕುತ್ತಿಗೆಯ ಹತ್ತಿರ ಸರಿಯಾದ ಎಳೆ ಸಿಕ್ಕರೆ ಸಾಕು, ಸರ್ರೆಂದು ಸಾಲು ಸಾಲೇ ಕರಗುತ್ತ ಬರುತ್ತದೆ. ಯಾರದೋ ಹತ್ತನೆಯ ಇಯತ್ತೆಯ ಚಳಿಗಾಲ, ಯಾರದೋ ಮೊದಲ ಬಾಣಂತನ, ಎಲ್ಲ ಗುಂಗುರು ಗುಂಗುರಾಗಿ ತೊಡೆಯ ಮೇಲೆ ಬಂದು ಕೂಡುತ್ತದೆ. ಆ ಗುಂಗುರನ್ನು ಕುದಿಯುವ ಕೆಟಲಿಯ ಹಬೆಗೆ ಹಿಡಿಯಬೇಕು. ಲಡಿ ಕಟ್ಟಿ ತೊಳೆದು, ಕೆಳಗೆ ಹಿತ್ತಾಳೆಯ ಚೊಂಬು ಜೋತುಬಿಟ್ಟು ಒಣಗಿಸಬೇಕು. ಮರುದಿನಕ್ಕೆ ಉಣ್ಣೆ ತಾನು ಮೊದಲು ಏನಾಗಿದ್ದೆನೆಂಬುದನ್ನು ಮರೆತಿರುತ್ತದೆ. ಹಿತ್ತಲಿನ ತಂತಿಯ ಮೇಲೆ ಕೆಂಪು, ಬೂದು, ಗಿಳಿಹಸಿರು ಲಡಿಗಳು ಚೊಂಬು ಕಟ್ಟಿಕೊಂಡು ತೂಗುತ್ತಿದ್ದವು. ಕ್ರೋಶಾ ಬಲ್ಲ ಓಣಿಯ ಹೆಂಗಸರು ಉಳಿದ ತುಣುಕು ಉಣ್ಣೆಯಲ್ಲಿ ಕಿವಿ ಮುಚ್ಚುವ ಕಾನಟೋಪಿ ಹಾಕಿದರು. ದೊಡ್ಡ ಕೆಲಸ ಮಾತ್ರ ಅತ್ತೆಯದು ಮತ್ತು ನನ್ನದು.

ಎಲ್ಲ ಸರಿ. ಅಳತೆ?

"ನಾನ ಟೇಪ್ ಒಯ್ದು ಹಾಸಗ್ಯಾಗ ಒಬ್ಬೊಬ್ಬರದ ತಗೊಂಡ ಬರತೇನಿ ಬಿಡ್ರಿ," ಎಂದರು ನರ್ಸ್‌ಬಾಯಿ. ಅತ್ತೆ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು.

"ಮಲಗಿದವರ ಅಳತಿ ತಗೋಳಂಗಿಲ್ಲ."

ಅದು ನಮ್ಮ ಮನೆಯ ಹಳೆಯ ಕಟ್ಟಳೆ. ಮಲಗಿದ ಮನುಷ್ಯನ ಅಳತೆ ತೆಗೆಯುವುದು ಒಮ್ಮೆ ಮಾತ್ರ, ಚಟ್ಟದ ಬಿದಿರು ಕಡಿಯುವಾಗ. ಜ್ವರ ಬಂದು ಮಲಗಿದ ಕೂಸಿಗೆ ಅಂಗಿ ಹೊಲಿಸುವುದಿದ್ದರೂ ಎತ್ತಿ ನಿಲ್ಲಿಸಿಯೇ ಅಳೆಯಬೇಕು. ನಾನು ಸೊಸೆಯಾಗಿ ಬಂದಾಗಿನಿಂದ ಇದನ್ನು ಕೇಳಿ ಒಳಗೊಳಗೇ ನಕ್ಕವಳು. ಈ ಸಲ ಬಾಯಿಬಿಟ್ಟೇ ವಾದ ಮಾಡಿದೆ. ಅತ್ತೆ ನನ್ನ ವಾದವನ್ನು ಪೂರ್ತಿ ಕೇಳಿ, ಒಳಗೆ ಹೋಗಿ, ಮಗನ ಅಂಗಿಯೊಂದನ್ನು ತಂದು ನನ್ನ ಮುಂದೆ ಹಾಸಿದರು. ಗಂಡಸು ಎಂದರೆ ಆಕೆಗೆ ಮಗನೇ. ಜಗತ್ತಿನ ಗಂಡಸರೆಲ್ಲ ಅಷ್ಟೇ ದಪ್ಪ ಇರುತ್ತಾರೆ, ಇರದಿದ್ದರೆ ಇರಬೇಕು ಎಂಬುದು ಆಕೆಯ ನಂಬಿಕೆ.

ಹೀಗೆ ಒಂಬತ್ತು ಹೊಟ್ಟೆಗಳನ್ನು ಎರಡು ಚೀಲಗಳಲ್ಲಿ ತುಂಬಿಕೊಂಡು, ಚಳಿಗಾಲದ ಒಂದು ಮಧ್ಯಾಹ್ನ ಸಿಟಿ ಬಸ್ಸು ಹಿಡಿದು ಮಿರಜಕ್ಕೆ ಹೋದೆವು.

ವಾರ್ಡಿನಲ್ಲಿ ಮುದುಕರು ಸ್ವೆಟರ್ ಹಾಕಿಕೊಂಡು ಒಬ್ಬರನ್ನೊಬ್ಬರು ನೋಡಿದರು. ತೋಳುಗಳು ಬೆರಳ ತುದಿ ದಾಟಿ ಜೋತುಬಿದ್ದಿದ್ದವು. ಒಬ್ಬರು ಹೊಟ್ಟೆಯ ಜಾಗಕ್ಕೆ ದಿಂಬು ತುರುಕಿಕೊಂಡು ತಮ್ಮ ಹಳೆಯ ಸುಬೇದಾರನ ನಡಿಗೆ ನಡೆದು ತೋರಿಸಿದರು. ಇನ್ನೊಬ್ಬರು, ಇದು ಇಬ್ಬರಿಗೆ ಸೇರಿ ಒಂದೋ ಎಂದು ಮರಾಠಿಯಲ್ಲಿ ಕೇಳಿದರು. ಇಡೀ ವಾರ್ಡು ಕೆಮ್ಮುವಷ್ಟು ನಕ್ಕಿತು. ನನಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು.

ನಗದಿದ್ದವರು ಒಬ್ಬರೇ. ಕಿಟಕಿಯ ಹತ್ತಿರದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಾಲಗಾಂವದವರು. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ದ್ರಾಕ್ಷಿ ತೋಟದಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಒಳಗೆ ರಾಡು ಹಾಕಿ ಹದಿನೈದು ದಿನವಾಗಿತ್ತು. ಅತ್ತೆ ಹಾಸಿಗೆಯ ಮೇಲಿಟ್ಟ ಸ್ವೆಟರನ್ನು ಅವರು ಎತ್ತಿ ನೋಡಿದರು. ಮಡಿಕೆ ತಪ್ಪದ ಹಾಗೆ ತಿರುಗಿ ಮಡಿಚಿಟ್ಟರು.

"ಇದು ಉಂಡು ತೇಗಿದವರ ಅಂಗಿರೀ. ಒಯ್ರಿ."

ಮತ್ತೆ ಗೋಡೆಯ ಕಡೆ ಹೊರಳಿದರು.

ಅವರ ಮಗಳನ್ನು ಹರಿಪುರಕ್ಕೆ ಕೊಟ್ಟಿತ್ತು. ಆಕೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ನಮ್ಮನ್ನು ಕಳಿಸಲು ಬಾಗಿಲ ತನಕ ಬಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಸಿಟ್ಟ ಮಾಡ್ಕೋಬ್ಯಾಡ್ರಿ ಮಾವಶಿ. ಮಳಿಗಾಲದಾಗ ನಮ್ಮ ಅವ್ವ ತೀರಿದ್ಲು. ಆಗಿಂದ ಹಿಂಗ ಆಗ್ಯಾರ. ರಾಡು ಗಟ್ಟಿ ಕುಂತೈತಿ, ಎದ್ದು ನಿಲ್ಲಬೇಕು ಅಂತಾರ ಡಾಕ್ಟರು. ಇನ್ನೊಂದ ವಾರದಾಗ ನಿಲ್ಲದಿದ್ರ ಮುಂದ ನಿಲ್ಲೂದ ಆಗೂದಿಲ್ಲಂತ. ಇವ್ರು ನೋಡಿದ್ರ, ಎದ್ದು ಎಲ್ಲಿಗೆ ಹೋಗ್ಲಿ, ಮನ್ಯಾಗ ಯಾರದಾರ ಅಂತಾರ."

ಅತ್ತೆ ಆಕೆಯ ತಲೆ ಸವರಿದರು, ಅಷ್ಟೇ.

ಬಸ್ಸಿನಲ್ಲಿ ನನ್ನ ಸಿಟ್ಟು ಕಟ್ಟೆ ಒಡೆಯಿತು. "ನಿಮ್ಮ ಒಂದ ಹಟಕ್ಕ ಒಂಬತ್ತೂ ಹಾಳಾದ್ವು ಅತ್ತಿ! ಊರ ಮಂದಿ ಮುಂದ ನಗಿಪಾಟಲ ಆತು," ಎಂದೆ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನಮ್ಮನ್ನೇ ನೋಡಿದ. ಅತ್ತೆ ಕಿಟಕಿಯ ಹೊರಗೆ, ಹೊಸದಾಗಿ ಎದ್ದ ಶೋರೂಮುಗಳನ್ನು ನೋಡುತ್ತ ಕೂತಿದ್ದರು.

"ಬಿಚ್ಚಿದ್ರಾತು. ಉಲನ್ ಎಲ್ಲಿ ಓಡಿ ಹೋಗತೈತಿ?"

ಬಿಚ್ಚಿದೆವು. ಎಂಟು ಮಂದಿ ಹೇಗೂ ಎದ್ದು ಓಡಾಡುವವರೇ ಆಗಿದ್ದರು, ಅದು ಮೊದಲು ಯಾರಿಗೂ ಹೊಳೆದಿರಲಿಲ್ಲ. ನರ್ಸ್‌ಬಾಯಿ ಅವರನ್ನು ಸಾಲಾಗಿ ನಿಲ್ಲಿಸಿ ಅಳತೆ ತಂದರು. ಒಂಬತ್ತನೆಯ ಅಳತೆ ಮಾತ್ರ ಬರಲಿಲ್ಲ. ಬೂದು ಬಣ್ಣದ ಉಣ್ಣೆ, ಒಳ್ಳೆಯ ಹಳೆಯ ಉಣ್ಣೆ, ನಾಲ್ಕು ಉಂಡೆಗಳಾಗಿ ಬುಟ್ಟಿಯಲ್ಲಿ ಹಾಗೇ ಕೂತಿತ್ತು. ಅಂದಾಜಿಗೆ ಹಾಕೋಣ ಎಂದೆ. ಅಂದಾಜಿಗೆ ಹಾಕಿದ್ದನ್ನು ಆ ಮನುಷ್ಯ ಮುಟ್ಟುವುದಿಲ್ಲ ಎಂದರು ಅತ್ತೆ. ಹಾಸಿಗೆಯಲ್ಲೇ ಅಳೆಯೋಣ ಎಂದೆ. ಅತ್ತೆ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಎರಡು ದಿನ ನಾವಿಬ್ಬರೂ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ನಮ್ಮ ಯಜಮಾನರ ಮೂಲಕ ಹೇಳಿಸಿಕೊಂಡೆವು. ಅವರು ಪಾಪ, ಅಡುಗೆಮನೆಗೂ ಪಡಸಾಲೆಗೂ ತಿರುಗಿ ತಿರುಗಿ ತುಸು ಇಳಿದರು.

ಮೂರನೆಯ ದಿನ ನಾನೊಬ್ಬಳೇ ಮಿರಜಕ್ಕೆ ಹೋದೆ. ಪೇಟೆಗೆ ಎಂದು ಹೇಳಿ ಹೋದೆ. ಪರ್ಸಿನಲ್ಲಿ ಒಂದು ಉದ್ದನೆಯ ಬೂದು ಎಳೆ ಇಟ್ಟುಕೊಂಡಿದ್ದೆ.

ಆ ಮಧ್ಯಾಹ್ನ ನಾನು ನಿಜವಾಗಿ ಹೋಗಿದ್ದೆನೋ ಕನಸಿನಲ್ಲಿ ಹೋಗಿದ್ದೆನೋ ಎಂದು ಈಗ ಅನುಮಾನ ಬರುತ್ತದೆ. ದಾರಿಯಲ್ಲಿ ತಂಬೂರಿ ಮಾಡುವವರ ಅಂಗಡಿಯೊಂದರಲ್ಲಿ ಯಾರೋ ಒಂದೇ ತಂತಿಯನ್ನು ಮೀಟಿ ಮೀಟಿ ಶ್ರುತಿ ಹಿಡಿಯುತ್ತಿದ್ದರು. ಆ ಒಂದೇ ಸ್ವರ ನನ್ನ ಕಿವಿಯೊಳಗೆ ಕೂತು ಆಸ್ಪತ್ರೆಯ ಮೆಟ್ಟಿಲು ಹತ್ತಿತು. ವಾರ್ಡೆಲ್ಲ ಮಲಗಿತ್ತು. ಕಿಟಕಿಯಿಂದ ಬೇವಿನ ಮರದ ನೆರಳು ಬಂದು ಬಿಳಿಯ ಚಾದರಗಳ ಮೇಲೆ ಅಲ್ಲಾಡುತ್ತಿತ್ತು. ಎಲ್ಲರೂ ನೀರಿನ ತಳದಲ್ಲಿ ಮಲಗಿದ ಹಾಗೆ ಕಂಡರು. ನಾನು ಸದ್ದಿಲ್ಲದೆ ಹೋಗಿ ಕಿಟಕಿಯ ಮಂಚದ ಹತ್ತಿರ ನಿಂತೆ. ಮುದುಕರು ಅಂಗಾತ ಮಲಗಿದ್ದರು. ಬಾಯಿ ತುಸು ತೆರೆದಿತ್ತು. ಎಳೆಯನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಿಡಿದರೆ ಆಯಿತು, ಎರಡು ಗಂಟು ಹಾಕಿದರೆ ಆಯಿತು. ನನ್ನಂಥ ಓದಿದವಳಿಗೆ ಅದರಲ್ಲೇನಿದೆ?

ಕೈ ಮುಂದೆ ಹೋಗಲಿಲ್ಲ. ಎಳೆ ಹಿಡಿದುಕೊಂಡು ಸುಮ್ಮನೆ ನಿಂತೆ. ನನಗೆ ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಅತ್ತೆಗಲ್ಲ, ಆ ಎಳೆಗೆ ಹೆದರಿದೆ.

"ಏನ್ ಮಾಡಾಕತ್ತೀರಿ ಬಾಯಿ?"

ಅವರು ಕಣ್ಣು ಬಿಟ್ಟು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ ಏನೋ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನಾನು ಎಲ್ಲವನ್ನೂ ಒದರಿದೆ. ಅಳತೆಗೆ ಬಂದೆ, ನಮ್ಮ ಅತ್ತೆ ಬೇಡವೆನ್ನುತ್ತಾರೆ, ಮಲಗಿದವರ ಅಳತೆ ತೆಗೆಯಬಾರದಂತೆ, ಅದು ಸತ್ತವರಿಗಂತೆ.

"ಹಂಗಾರ ನಾ ಸತ್ತೇನೇನು?" ಎಂದರು. ದನಿ ಏರಿತು.

ಇಲ್ಲ ಕಾಕಾ, ಹಾಗಲ್ಲ ಎಂದು ಸಮಾಧಾನ ಹೇಳಬೇಕಿತ್ತು. ಬೇರೆ ಯಾರಾದರೂ ಹೇಳುತ್ತಿದ್ದರು. ಆದರೆ ನನ್ನ ನಾಲಿಗೆಗೆ ಮೂಳೆಯಿಲ್ಲ.

"ಅದನ್ನ ನನಗೇನ ಕೇಳತೀರಿ? ಎದ್ದು ನಿಂತು ತೋರಸ್ರಿ ಮತ್ತ!"

ಪಕ್ಕದ ಮಂಚದವರು ಎಚ್ಚರಗೊಂಡರು. ಮುದುಕರ ಮುಖ ಕೆಂಪಾಯಿತು, ಆಮೇಲೆ ಬೂದಾಯಿತು. ಗೋಡೆಯ ಕಡೆ ಹೊರಳಿದರು. ನಾನು ಆ ವಾರ್ಡಿನಿಂದ ಬಸ್‌ಸ್ಟಾಪಿನ ತನಕ ಹೇಗೆ ಬಂದೆನೋ ನೆನಪಿಲ್ಲ. ಹೆಂಡತಿಯನ್ನು ಕಳೆದುಕೊಂಡು, ಕಾಲು ಮುರಿದುಕೊಂಡು ಮಲಗಿದ ಮುದುಕನಿಗೆ ಹೀಗೆ ಅಂದೆನಲ್ಲ ಎಂದು ಬಸ್ಸಿನಲ್ಲಿ ಕಣ್ಣೀರು ಬಂತು. ನಾಚಿಕೆ ಎಂದರೆ ಏನೆಂದು ಅಂದು ಗೊತ್ತಾಯಿತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಅಕ್ಕಿ ಆರಿಸುತ್ತಿದ್ದ ಮೊರ ಬದಿಗಿಟ್ಟು ಕೇಳಿದರು: "ಮುಖ ಕೆಂಪ ಆತಂದಿಯಲಾ, ಖರೇ ಏನು?"

"ಹೌದ್ರಿ."

"ಹಂಗಾರ ಛಲೋ ಆತು. ನಾಳೆ ಇಬ್ಬರೂ ಹೋಗೂಣು."

ಮರುದಿನ ಅತ್ತೆ ಹೋದವರೇ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಹೇಗಿದ್ದೀರಿ ಎಂದೂ ಕೇಳಲಿಲ್ಲ, ಏಳಿ ಎಂದೂ ಹೇಳಲಿಲ್ಲ. ಬೂದು ಉಣ್ಣೆಯ ಉಂಡೆ ತೆಗೆದು, ಕೆಳಗಿನ ಪಟ್ಟಿಯ ಕುಣಿಕೆಗಳನ್ನು ಕಡ್ಡಿಗೆ ಏರಿಸತೊಡಗಿದರು. ಒಂದು ಸುಲಟ, ಒಂದು ಉಲಟ ಎಂದು ಬಾಯಲ್ಲೇ ಹೆಣಿಗೆ ಎಣಿಸುತ್ತಿದ್ದರು. ಮಗಳು ಕಾಲ್ದೆಸೆಯಲ್ಲಿ ನಿಂತಿದ್ದಳು. ನಾನು ಬಾಗಿಲ ಹತ್ತಿರ, ಮುಖ ತೋರಿಸಲಾರದೆ.

ಬಹಳ ಹೊತ್ತಿನ ಮೇಲೆ ಗೋಡೆಯ ಕಡೆಯಿಂದಲೇ ದನಿ ಬಂತು: "ಎಷ್ಟ ಕುಣಿಕಿ ಹಾಕಬೇಕು ಅಂತ ನಿಮಗ ಹ್ಯಾಂಗ ತಿಳೀತರಿ ಅಕ್ಕಾರ, ಅಳತಿ ಇಲ್ಲದ?"

"ತಿಳಿದಿಲ್ಲ ಅಣ್ಣಾರ. ಅದಕ್ಕ ಕುಂತೇನಿ. ನೀವು ನಿಂತ ಮ್ಯಾಲ ಮುಂದಿಂದು."

ಮತ್ತೆ ಕಡ್ಡಿಯ ಸದ್ದು. ಬೇವಿನ ನೆರಳು ಒಂದು ಚಾದರದಿಂದ ಇನ್ನೊಂದಕ್ಕೆ ಸರಿಯಿತು. ಆಮೇಲೆ ಅವರು ಹೊರಳಿದರು. ಎರಡೂ ಮೊಣಕೈ ಊರಿದರು. ಮಗಳು ಓಡಿಬಂದು ಹಿಡಿಯಹೋದಳು. ಬೇಡವೆಂದು ಕೈ ಎತ್ತಿ, ಆ ಕೈ ಎತ್ತಿದ್ದಕ್ಕೇ ವಾಲಿ, ಕೊನೆಗೆ ಒಂದು ಕಡೆ ಮಗಳು ಇನ್ನೊಂದು ಕಡೆ ನರ್ಸ್‌ಬಾಯಿ ಹಿಡಿದು ಕಾಲು ಕೆಳಗಿಳಿಸಿದರು. ಹಣೆಯ ಮೇಲೆ ಬೆವರು ಒಡೆಯಿತು. ತುಟಿ ಕಚ್ಚಿದರು. ಮಂಚದ ಕಬ್ಬಿಣದ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಎದ್ದು ನಿಂತರು.

ನಿಂತವರು ಸುಮ್ಮನೆ ನಿಲ್ಲಲಿಲ್ಲ. ಗದ್ದ ಮೇಲೆ, ಎದೆ ಮುಂದೆ, ಇನ್ನೊಂದು ಕೈ ತೊಡೆಗಂಟಿ ನೇರ. ಕವಾಯತಿನ ಸಾವಧಾನ್! ಇಡೀ ವಾರ್ಡು ಉಸಿರು ಹಿಡಿದು ನೋಡಿತು.

"ಹೂಂ," ಎಂದರು ನನ್ನ ಕಡೆ ನೋಡಿ. "ನಿನ್ನಿ ಒದರ್ಯಾಡಿದ ಬಾಯಿ ಬರ್ರಿ. ತಗೋರಿ ಅಳತಿ."

ನಾನು ಮಂಚದ ಹತ್ತಿರ ಹೋದೆ. ಭುಜದಿಂದ ಭುಜಕ್ಕೆ ಎಳೆ ಹಿಡಿದು ಗಂಟು ಹಾಕಿದೆ. ಎದೆಯ ಸುತ್ತಳತೆಗೆ ಎರಡು ಗಂಟು. ಬೇಗ ಮುಗಿಸಿ ಅವರನ್ನು ಕೂರಿಸೋಣ ಎಂಬ ಆತುರ ನನಗೆ. ಅತ್ತೆ ಸ್ಟೂಲಿನಿಂದಲೇ ಹೇಳಿದರು: "ಸಾವಕಾಶ. ತೋಳಿಂದು ತಗಿ. ಇನ್ನೊಂದ ತೋಳಿಂದು?" ಎರಡು ತೋಳೂ ಒಂದೇ ಅಲ್ಲವೇ ಎಂದು ನಾನು ನೋಡಿದೆ. "ತಗಿ ಅಂದೇನಿ." ಆಮೇಲೆ ಮಣಿಕಟ್ಟು. ಆಮೇಲೆ ಕುತ್ತಿಗೆ. ಸ್ವೆಟರಿಗೆ ಎಂದೂ ಬೇಕಾಗದ ಅಳತೆಗಳನ್ನೆಲ್ಲ ಆಕೆ ತೆಗೆಸಿದರು. ಅವರು ನಿಂತೇ ಇದ್ದರು.

ನಾಲ್ಕು ದಿನದ ಮೇಲೆ ಮತ್ತೆ ಹೋದೆವು. ಅತ್ತೆ ಹೇಳಿದರು, ಅಳತೆಯ ಎಳೆಯನ್ನು ಬೆಕ್ಕು ಎಳೆದುಕೊಂಡು ಹೋಯಿತು, ಇನ್ನೊಮ್ಮೆ ಬೇಕು ಎಂದು. ನಾನು ದಂಗಾದೆ. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಪರ್ಯೂಷಣದಲ್ಲಿ ಹತ್ತು ದಿನ ವ್ರತ ಹಿಡಿಯುವ, ತರಕಾರಿಯವನ ಹತ್ತಿರವೂ ಒಂದು ಸುಳ್ಳು ಆಡದ ಹೆಂಗಸು ಮುಖದ ಗೆರೆ ಅಲುಗದೆ ಹೇಳಿದರು. ಮುದುಕರು ಆಕೆಯನ್ನು ಒಂದು ಗಳಿಗೆ ನೋಡಿ, "ಬೆಕ್ಕಿನ ಜಾತಿನ ಹಂಗರಿ," ಎಂದು ಎದ್ದು ನಿಂತರು. ಈ ಸಲ ಮಗಳು ಒಬ್ಬಳೇ ಹಿಡಿದಿದ್ದಳು. ಮುಂದಿನ ಸಲ ಎಳೆ ನೀರಿಗೆ ಬಿತ್ತು. ಅದರ ಮುಂದಿನ ಸಲ ನಾನೇ ಗಂಟು ತಪ್ಪು ಹಾಕಿದ್ದೆನಂತೆ. ಸೊಸೆಯ ಮೇಲೆ ಹಾಕಿದ್ದು ಅತ್ತೆಗೆ ಬಹಳ ಹಿಡಿಸಿತು. ಪ್ರತಿ ಸಲವೂ ಅವರು ಏನೂ ಕೇಳದೆ ನಿಂತರು, ಪ್ರತಿ ಸಲವೂ ಹೆಚ್ಚು ಹೊತ್ತು.

ಸಂಕ್ರಾಂತಿಯ ಮೊದಲು ಸ್ವೆಟರ್ ಮುಗಿಯಿತು. ಒಯ್ದ ದಿನ ಅವರು ವಾರ್ಡಿನ ಬಾಗಿಲ ತನಕ ಕೋಲೂರಿಕೊಂಡು ಬಂದು ನಮಗಾಗಿ ಕಾಯುತ್ತಿದ್ದರು. ಮರುದಿನ ಅವರನ್ನು ಮನೆಗೆ ಕಳಿಸುವವರಿದ್ದರು. ಮಗಳು ತಲೆಯ ಮೇಲಿಂದ ಸ್ವೆಟರ್ ಇಳಿಸಿದಳು. ಅವರು ಕೋಲನ್ನು ಆಕೆಯ ಕೈಗೆ ಕೊಟ್ಟು, ಅದೇ ಸಾವಧಾನ್ ಭಂಗಿಯಲ್ಲಿ ನಿಂತರು. ಬೂದು ಉಣ್ಣೆ ಎದೆಗೆ, ಭುಜಕ್ಕೆ, ಮಣಿಕಟ್ಟಿಗೆ ಅಂಟಿ ಕೂತಿತು. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಜೀವನದಲ್ಲಿ ಅಷ್ಟು ಸರಿಯಾದ ಕೆಲಸ ನಾನು ಮಾಡಿರಲಿಲ್ಲ.

ಆಮೇಲೆ ಅವರು ಉಸಿರು ಬಿಟ್ಟರು. ಭುಜ ಇಳಿಯಿತು, ಎದೆ ಒಳಗೆ ಹೋಯಿತು, ಬೆನ್ನು ಬಾಗಿತು. ಸ್ವೆಟರ್ ಎರಡೂ ಬದಿಗೆ ಜೋತುಬಿತ್ತು. ಆಗ ನನಗೆ ಹೊಳೆಯಿತು, ನಾನು ಅಳೆದದ್ದು ಉಸಿರು ತುಂಬಿ ನಿಂತ ಎದೆಯನ್ನು. ಪ್ರತಿ ಸಲವೂ.

"ಕಾಕಾ, ಕೊಡ್ರಿ ಇತ್ತ," ಎಂದೆ. ನನ್ನ ಮೇಲೇ ಸಿಟ್ಟು ಬಂದು ದನಿ ಒಡೆಯಿತು. "ಎರಡೂ ಕಡೆ ಎರಡೆರಡ ಇಂಚು ಹೆಚ್ಚಾಗೇತಿ. ಬಿಚ್ಚಿ ಸಣ್ಣದ ಮಾಡಿ ನಾಳೆ ಮುಂಜಾನೆ ತರತೇನಿ."

ಅವರು ಸ್ವೆಟರಿನ ಅಂಚನ್ನು ಎರಡೂ ಕೈಯಿಂದ ಕೆಳಗೆ ಜಗ್ಗಿ ಸರಿಮಾಡಿಕೊಂಡರು. ಮಗಳ ಕೈಯಿಂದ ಕೋಲು ಇಸಿದುಕೊಂಡರು.

"ಬ್ಯಾಡ್ರಿ ಬಾಯಿ. ಹಂಗ ಇರ್ಲಿ," ಎಂದರು. "ನಾ ತುಂಬತೇನಿ."